ಮಂಡಕಳ್ಳಿಯಿಂದ ಆಚೆಗೆ: ವಿಮಾನ ಸಂಸ್ಥೆಗಳ ವಿಲೀನ ಮತ್ತು ಮೈಸೂರಿನವರ ವಿದೇಶ ಪ್ರಯಾಣ

2022ರ ಏಪ್ರಿಲ್ 15ರಂದು ಅಲಯನ್ಸ್ ಏರ್ ಎಂಬ ಸಣ್ಣ ವಿಮಾನ ಸಂಸ್ಥೆ ಏರ್ ಇಂಡಿಯಾದ ಮನೆಯಿಂದ ಹೊರಬಿತ್ತು. ಅದೇ ವರ್ಷದ ಜನವರಿ 27ರಂದು ಏರ್ ಇಂಡಿಯಾ ಟಾಟಾ ಸಮೂಹದ ಕೈಸೇರಿತ್ತು. ₹18,000 ಕೋಟಿಯ ಆ ವ್ಯವಹಾರದಲ್ಲಿ ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಹಾಗೂ ನಿಲ್ದಾಣಗಳಲ್ಲಿ ನೆಲದ ಕೆಲಸ ನೋಡಿಕೊಳ್ಳುವ ಎಐಸ್ಯಾಟ್ಸ್ ಕಂಪನಿಯ ಅರ್ಧ ಪಾಲು ಮಾರಾಟವಾದವು. ಸಣ್ಣ ಊರುಗಳಿಗೆ ಎಟಿಆರ್ ವಿಮಾನ ಓಡಿಸುವ ಅಲಯನ್ಸ್ ಏರ್ ಆ ಮಾರಾಟದಲ್ಲಿ ಇರಲಿಲ್ಲ. ಅದು ಸರ್ಕಾರದ ಬಳಿಯೇ ಉಳಿಯಿತು. ಏಪ್ರಿಲ್ 15ರಿಂದ ಮುಂದೆ 9ರಿಂದ ಶುರುವಾಗುವ ನಾಲ್ಕಂಕಿಯ ಸಂಖ್ಯೆಯ ಹಾಗೂ '9ಐ' ಸಂಕೇತದ ವಿಮಾನಗಳ ಟಿಕೆಟ್, ವಿಚಾರಣೆ ಯಾವುದೂ ತನ್ನದಲ್ಲವೆಂದು ಏರ್ ಇಂಡಿಯಾ ಪ್ರಯಾಣಿಕರಿಗೆ ತಿಳಿಸಿತು.

ಮೈಸೂರಿನ ಮಟ್ಟಿಗೆ ಇದು ಸಣ್ಣ ಸುದ್ದಿಯಲ್ಲ. 2019ರ ಜೂನ್‌ನಲ್ಲಿ ಇಲ್ಲಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ, ಕೆಲವೇ ವಾರಗಳ ನಂತರ ಹೈದರಾಬಾದ್, ಕೊಚ್ಚಿ, ಗೋವಾಗಳಿಗೆ ಹಾರಾಟ ಆರಂಭಿಸಿದ್ದು ಇದೇ ಅಲಯನ್ಸ್ ಏರ್. ಅಂದಿಗೆ ಅದು ಏರ್ ಇಂಡಿಯಾದ ಅಂಗಸಂಸ್ಥೆ. ಏರ್ ಇಂಡಿಯಾದ ವಿದೇಶಿ ಹಾರಾಟಗಳೂ ಮೈಸೂರಿನ ಎಟಿಆರ್ ಹಾರಾಟಗಳೂ ಒಂದೇ ಮನೆತನದವಾಗಿದ್ದವು. ಮಾರಾಟ ಮುಗಿದಾಗ ವಿದೇಶಿ ಮಾರ್ಗಗಳು ಒಂದು ಮನೆಗೆ ಹೋದವು, ಊರಿನ ವಿಮಾನ ಇನ್ನೊಂದು ಮನೆಯಲ್ಲಿ ಉಳಿಯಿತು.

ವಿಮಾನ ಸಂಸ್ಥೆಗಳ ವಿಲೀನದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ದೆಹಲಿ–ಲಂಡನ್, ಮುಂಬೈ–ಸಿಂಗಪುರದಂಥ ದೊಡ್ಡ ಮಾರ್ಗಗಳ ಸುತ್ತಲೇ ತಿರುಗುತ್ತದೆ. ಟಿಕೆಟ್ ದರ ಏರೀತೇ, ಹಾರಾಟ ಕಡಿಮೆಯಾದೀತೇ ಎಂದು ಕೇಳುತ್ತೇವೆ. ಒಂದೇ ಒಂದು ಅಂತರರಾಷ್ಟ್ರೀಯ ಹಾರಾಟವಿಲ್ಲದ ಮೈಸೂರಿನಿಂದ ನೋಡಿದಾಗ ಚಿತ್ರ ಬೇರೆಯಾಗಿ ಕಾಣುತ್ತದೆ. ಈ ಟಿಪ್ಪಣಿಯ ವಾದ ಇಷ್ಟು: ವಿಲೀನವಾಗಲಿ ವಿಭಜನೆಯಾಗಲಿ, ದೊಡ್ಡ ಮಾರ್ಗಗಳು ಹೇಗೋ ಬದುಕಿಕೊಳ್ಳುತ್ತವೆ, ನಿಂತರೂ ಇನ್ನೊಬ್ಬರ ಕೈಯಲ್ಲಿ ಮರಳಿ ಬರುತ್ತವೆ. ಕಡಿದುಹೋಗುವುದು ಸಣ್ಣ ಊರಿಗೂ ಆ ದೊಡ್ಡ ಮಾರ್ಗಕ್ಕೂ ಇರುವ ಕೊಂಡಿ. ಅದನ್ನು ಕಾಯುವ ಹೊಣೆಯನ್ನು ವಿಲೀನಗಳನ್ನು ಪರಿಶೀಲಿಸುವ ಸಂಸ್ಥೆಗಳಾವುವೂ ತಮ್ಮದೆಂದುಕೊಂಡಂತಿಲ್ಲ. ಕೃಷ್ಣರಾಜಸಾಗರದ ಕಾಲುವೆಗಳನ್ನು ಬಲ್ಲ ನಮಗೆ ಇದು ಹೊಸದಲ್ಲ: ಅಣೆಕಟ್ಟೆಯಲ್ಲಿ ಗೇಟು ಇಳಿಸಿದಾಗ ಮೊದಲು ಒಣಗುವುದು ಕಾಲುವೆಯ ಕೊನೆಯ ಗದ್ದೆ.

ವಿಲೀನ ಎಂಬ ಮಾತನ್ನು ಇಲ್ಲಿ ತುಸು ಅಗಲವಾಗಿ ಬಳಸಿದ್ದೇನೆ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವುದು, ಎರಡು ಸೇರಿ ಒಂದಾಗುವುದು, ಒಂದರಿಂದ ಇನ್ನೊಂದು ಬೇರ್ಪಡುವುದು ಮೂರೂ ಇದರಲ್ಲಿ ಸೇರಿವೆ. ಪ್ರಯಾಣಿಕನ ಟಿಕೆಟ್ಟಿನ ಮಟ್ಟಿಗೆ ಮೂರರ ಪರಿಣಾಮವೂ ಒಂದೇ ಜಾತಿಯದು.

ರನ್‌ವೇಯ ಉದ್ದ ಮತ್ತು ಆಯ್ಕೆಯ ಮಿತಿ

ಮಂಡಕಳ್ಳಿಯ ವಿಮಾನ ನಿಲ್ದಾಣ ಮೈಸೂರು ಸಂಸ್ಥಾನದ ಕಾಲದ್ದು. 1940ರ ದಶಕದಲ್ಲಿ ಆದದ್ದು. 1980ರ ದಶಕದ ಉತ್ತರಾರ್ಧದಲ್ಲಿ ವಾಯುದೂತ್ ಸಂಸ್ಥೆಯ ಪುಟ್ಟ ವಿಮಾನಗಳು ಇಲ್ಲಿಗೆ ಬಂದವು, ಜನ ಸಾಲದೆ ನಿಂತವು. ವಾಯುದೂತ್ ಕೂಡ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಸೇರಿ 1981ರಲ್ಲಿ ಹುಟ್ಟುಹಾಕಿದ ಜಂಟಿ ಸಂಸ್ಥೆ. 1990ರ ದಶಕದಲ್ಲಿ ಅದು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿತು. ನವೀಕೃತ ನಿಲ್ದಾಣ 2010ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು.

ಇಲ್ಲಿನ ರನ್‌ವೇ 1,740 ಮೀಟರ್ ಉದ್ದವಿದೆ. ಎಟಿಆರ್-72ರಂಥ ಪ್ರೊಪೆಲ್ಲರ್ ವಿಮಾನಕ್ಕೆ ಇದು ಸಾಕು. ಏರ್‌ಬಸ್ 320, ಬೋಯಿಂಗ್ 737ಗಳ ದೈನಂದಿನ ವಾಣಿಜ್ಯ ಹಾರಾಟಕ್ಕೆ ಸಾಲದು. ವಿಸ್ತರಿಸಬೇಕೆಂದರೆ ಪಕ್ಕದಲ್ಲೇ ನಂಜನಗೂಡು ರಸ್ತೆ ಇದೆ, ಚಾಮರಾಜನಗರದ ರೈಲು ಹಳಿ ಇದೆ. ರಸ್ತೆಯನ್ನು ರನ್‌ವೇ ಕೆಳಗೆ ಸುರಂಗದಂತೆ ಒಯ್ಯಬೇಕೋ, ಸುತ್ತು ಹಾಕಿಸಬೇಕೋ ಎಂಬ ಚರ್ಚೆ ವರ್ಷಗಳಿಂದ ನಡೆದಿದೆ.

ಈ ಅಳತೆಗೂ ವಿಲೀನಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ನೇರವಾಗಿದೆ. ಮೈಸೂರಿಗೆ ಬರಬಲ್ಲದ್ದು ಎಟಿಆರ್‌ನಂಥ ಸಣ್ಣ ವಿಮಾನ ಇಟ್ಟುಕೊಂಡ ಸಂಸ್ಥೆ ಮಾತ್ರ. ಟಾಟಾ ಸಮೂಹ ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ವಿಸ್ತಾರಾ, ಏರ್‌ಏಷ್ಯಾ ಇಂಡಿಯಾ ಈ ನಾಲ್ಕನ್ನು ಸೇರಿಸಿ ಎರಡಾಗಿ ಮಾಡಿತಲ್ಲ, ಆ ನಾಲ್ಕರ ಬಳಿಯೂ ಇದ್ದದ್ದು ಜೆಟ್ ವಿಮಾನಗಳೇ. ಹಾಗಾಗಿ ದೇಶದ ಅತಿ ದೊಡ್ಡ ವಿದೇಶಿ ಜಾಲವುಳ್ಳ ಭಾರತೀಯ ಸಮೂಹಕ್ಕೆ ತನ್ನ ಸ್ವಂತ ವಿಮಾನದಲ್ಲಿ ಮೈಸೂರನ್ನು ಮುಟ್ಟುವ ದಾರಿಯೇ ಇಲ್ಲದಂತಾಯಿತು. ಮೈಸೂರಿಗೆ ಪ್ರಯಾಣಿಕರಿದ್ದಾರೆಯೇ ಎಂಬ ಪ್ರಶ್ನೆ ಎತ್ತುವ ಮೊದಲೇ ಈ ದಾರಿ ಮುಚ್ಚಿತ್ತು.

ಡೆಕ್ಕನ್–ಕಿಂಗ್‌ಫಿಷರ್: ವಿದೇಶಕ್ಕೆ ಹಾರಲೆಂದೇ ಆದ ವಿಲೀನ

ಕರ್ನಾಟಕದ ನೆಲದಲ್ಲೇ ನಡೆದ ಒಂದು ವಿಲೀನವನ್ನು ಬಿಡಿಸಿ ನೋಡಬೇಕು. ಅಂತರರಾಷ್ಟ್ರೀಯ ಮಾರ್ಗಗಳಿಗೂ ವಿಲೀನಕ್ಕೂ ಇರುವ ನಂಟನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಭಾರತದಲ್ಲಿ ಇನ್ನೊಂದಿಲ್ಲ.

ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರುಮಾಡಿದರು. 48 ಆಸನಗಳ ಎಟಿಆರ್ ವಿಮಾನಗಳಲ್ಲಿ ಹುಬ್ಬಳ್ಳಿಯಂಥ ಊರುಗಳಿಗೆ ಕಡಿಮೆ ದರದಲ್ಲಿ ಹಾರುವುದು ಅದರ ಗುರಿ. ವಿಜಯ್ ಮಲ್ಯರ ಯುಬಿ ಸಮೂಹದ ಕಿಂಗ್‌ಫಿಷರ್, 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿತು. 2007ರಲ್ಲಿ ಯುಬಿ ಸಮೂಹ ಸುಮಾರು ₹550 ಕೋಟಿಗೆ ಡೆಕ್ಕನ್ ಏವಿಯೇಷನ್‌ನ ಶೇ 26 ಪಾಲು ಕೊಂಡಿತು.

ದುಬಾರಿ ಸೇವೆಯ ಸಂಸ್ಥೆಯೊಂದು ಅಗ್ಗದ ಸೇವೆಯ ಸಂಸ್ಥೆಯನ್ನು ಏಕೆ ಕೊಳ್ಳಬೇಕು? ಉತ್ತರ ಅಂದಿನ ನಿಯಮದಲ್ಲಿದೆ. ಭಾರತದ ಖಾಸಗಿ ವಿಮಾನ ಸಂಸ್ಥೆ ವಿದೇಶಕ್ಕೆ ಹಾರಬೇಕಾದರೆ ಐದು ವರ್ಷ ದೇಶದೊಳಗೆ ಹಾರಿರಬೇಕು, ಕೈಯಲ್ಲಿ 20 ವಿಮಾನಗಳಿರಬೇಕು. ಇದನ್ನು 'ಐದು–ಇಪ್ಪತ್ತರ ನಿಯಮ' ಎನ್ನುತ್ತಿದ್ದರು. ಕಿಂಗ್‌ಫಿಷರ್‌ಗೆ ಐದು ವರ್ಷ ತುಂಬುವುದು 2010ರ ಮೇನಲ್ಲಿ. ಏರ್ ಡೆಕ್ಕನ್‌ಗೆ ತುಂಬುವುದು 2008ರ ಆಗಸ್ಟ್‌ನಲ್ಲಿ. ವಿಲೀನದ ಕಾಗದಪತ್ರಗಳನ್ನು ಇದಕ್ಕೆ ಒಪ್ಪುವಂತೆ ಹೊಂದಿಸಲಾಯಿತು: ಕಂಪನಿ ಕಾನೂನಿನ ದೃಷ್ಟಿಯಲ್ಲಿ ಉಳಿದದ್ದು ಡೆಕ್ಕನ್ ಏವಿಯೇಷನ್, ಬದಲಾದದ್ದು ಅದರ ಹೆಸರು. 2008ರ ಸೆಪ್ಟೆಂಬರ್ 3ರಂದು ಕಿಂಗ್‌ಫಿಷರ್‌ನ ಏರ್‌ಬಸ್ 330 ಬೆಂಗಳೂರಿನಿಂದ ಲಂಡನ್ನಿನ ಹೀಥ್ರೂಗೆ ಹಾರಿತು. ಡೆಕ್ಕನ್‌ಗೆ ಐದು ವರ್ಷ ತುಂಬಿ ಆಗಿನ್ನೂ ದಿನಗಳಷ್ಟೇ ಕಳೆದಿದ್ದವು.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ವಿದೇಶಕ್ಕೆ ಹಾರುವ ಹಕ್ಕು ಕಂಪನಿಯ ಆಸ್ತಿಯಲ್ಲ. ಎರಡು ದೇಶಗಳು ಒಪ್ಪಂದ ಮಾಡಿಕೊಂಡು ವಾರಕ್ಕೆ ಇಷ್ಟು ಹಾರಾಟ ಅಥವಾ ಇಷ್ಟು ಆಸನ ಎಂದು ಹಂಚಿಕೊಳ್ಳುತ್ತವೆ. ತನ್ನ ಪಾಲನ್ನು ಯಾವ ಸಂಸ್ಥೆಗೆ ಕೊಡಬೇಕೆಂದು ಸರ್ಕಾರ ತೀರ್ಮಾನಿಸುತ್ತದೆ. ಹೀಥ್ರೂದಂಥ ಕಿಕ್ಕಿರಿದ ನಿಲ್ದಾಣದಲ್ಲಿ ಇಳಿಯುವ ಸಮಯ, ಅಂದರೆ ಸ್ಲಾಟ್, ಬೇರೆಯೇ ಲೆಕ್ಕದ್ದು. ಸಿಕ್ಕ ಸ್ಲಾಟನ್ನು ಋತುವಿನಲ್ಲಿ ಶೇ 80ರಷ್ಟಾದರೂ ಬಳಸಿದವರಿಗೆ ಮುಂದಿನ ಋತುವಿನಲ್ಲೂ ಅದು ದಕ್ಕುತ್ತದೆ. ವಿಲೀನವಾದಾಗ ಹಕ್ಕು ಸರ್ಕಾರದ ಒಪ್ಪಿಗೆಯಿಂದ, ಸ್ಲಾಟು ನಿಲ್ದಾಣದ ನಿಯಮದಂತೆ ಹೊಸ ಸಂಸ್ಥೆಗೆ ಬರುತ್ತವೆ. ಎರಡಕ್ಕೂ ಬೆಲೆಯಿದೆ, ಎರಡನ್ನೂ ಕೇಳುವವರಿದ್ದಾರೆ. ಮೈಸೂರಿನ ಎಟಿಆರ್ ಬೆಂಗಳೂರು ಮುಟ್ಟಿದ ಎರಡು ಗಂಟೆಯಲ್ಲಿ ವಿದೇಶಿ ವಿಮಾನ ಹೊರಡುವಂತೆ ವೇಳೆ ಹೊಂದಿಸಿದರು ಎನ್ನಿ, ಆ ಹೊಂದಾಣಿಕೆಗೆ ಮಾತ್ರ ಹಕ್ಕೂ ಇಲ್ಲ, ಸ್ಲಾಟೂ ಇಲ್ಲ, ಕೇಳುವವರೂ ಇಲ್ಲ. ವೇಳಾಪಟ್ಟಿ ಮಾಡುವವರು ಮನಸ್ಸು ಬದಲಿಸಿದರೆ ಅದು ಹೋಯಿತು.

ಮುಂದಿನದು ಮೈಸೂರಿನ ಕಥೆ. ಸಣ್ಣ ಊರುಗಳಿಗೆಂದೇ ಹುಟ್ಟಿದ ಏರ್ ಡೆಕ್ಕನ್ ಕಿಂಗ್‌ಫಿಷರ್‌ನಲ್ಲಿ ಕರಗಿದಾಗ ಮಂಡಕಳ್ಳಿಯ ಕಾಮಗಾರಿ ಇನ್ನೂ ಮುಗಿದಿರಲಿಲ್ಲ. 2010ರ ಅಕ್ಟೋಬರ್ 1ರಂದು ಬಂದದ್ದು ಕಿಂಗ್‌ಫಿಷರ್‌ನ ಎಟಿಆರ್. ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಅಲ್ಲಿಂದ ಅದೇ ಸಂಸ್ಥೆಯ ಉಳಿದ ಜಾಲವನ್ನು ಸೇರುವ ಅವಕಾಶ ಮೊದಲ ಬಾರಿಗೆ ತೆರೆಯಿತು. 2011ರ ನವೆಂಬರ್‌ನಲ್ಲಿ ಅದು ನಿಂತಿತು. ಕಿಂಗ್‌ಫಿಷರ್‌ನ ವಿದೇಶಿ ಹಾರಾಟಗಳು ಸಂಪೂರ್ಣ ನಿಂತದ್ದು 2012ರ ಏಪ್ರಿಲ್‌ನಲ್ಲಿ; ಪರವಾನಗಿ ಅಮಾನತಾದದ್ದು 2012ರ ಅಕ್ಟೋಬರ್‌ನಲ್ಲಿ. ಈ ಮೂರು ದಿನಾಂಕಗಳ ಅನುಕ್ರಮ ನನ್ನ ವಾದಕ್ಕೆ ಮುಖ್ಯವಾದ ಆಧಾರ. ಮೊದಲು ಮೈಸೂರು ಹೋಯಿತು, ಅದರ ಹಿಂದೆ ವಿದೇಶ, ಕೊನೆಗೆ ಇಡೀ ಸಂಸ್ಥೆ.

ವಿಲೀನದಿಂದಲೇ ಕಿಂಗ್‌ಫಿಷರ್ ಮುಳುಗಿತು ಎನ್ನುವುದು ಅವಸರದ ಮಾತಾದೀತು. 2008ರ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತ್ತು; ಅದರ ಬೆನ್ನಿಗೇ ಜಗತ್ತಿನ ಆರ್ಥಿಕ ಕುಸಿತ ಬಂತು; ಸಾಲದ ಹೊರೆ ಬೆಳೆಯುತ್ತಲೇ ಹೋಯಿತು. ಆದರೆ ಡೆಕ್ಕನ್‌ನ ನಷ್ಟವನ್ನು ಹೆಗಲಿಗೇರಿಸಿಕೊಂಡು, ಒಳನಾಡಿನ ಅಗ್ಗದ ಸೇವೆಯನ್ನು 'ಕಿಂಗ್‌ಫಿಷರ್ ರೆಡ್' ಎಂದು ಮರುನಾಮಕರಣ ಮಾಡಿ, ಅದೇ ಹೊತ್ತಿನಲ್ಲಿ ಖಂಡಾಂತರ ಹಾರಾಟಕ್ಕೂ ಹೊರಟದ್ದು ಒಂದೇ ಸಂಸ್ಥೆ ಎಂಬುದನ್ನು ಮರೆಯುವಂತಿಲ್ಲ. ಎರಡು ವರ್ಷ ಮೊದಲೇ ಲಂಡನ್ ಮುಟ್ಟುವ ಆತುರಕ್ಕೆ ಕರ್ನಾಟಕ ಕೊಟ್ಟ ಬೆಲೆ ದೊಡ್ಡದು ಎಂದೇ ನನ್ನ ತೀರ್ಮಾನ. ಹುಬ್ಬಳ್ಳಿಯಂಥ ಊರುಗಳಿಗೆಂದೇ ಯೋಚಿಸುವ ಒಂದು ಸಂಸ್ಥೆಯನ್ನು ನಾವು ಕಳೆದುಕೊಂಡೆವು.

ಲಂಡನ್ನಿಗೆ ಹಾರಲು ಬೆಂಗಳೂರಿಗೆ ಮುಂದೆ ಬೇರೆ ಸಂಸ್ಥೆಗಳಿದ್ದವು. ಕಿಂಗ್‌ಫಿಷರ್ ಘೋಷಿಸಿಯೂ ಹಾರಿಸಲಾಗದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಮಾರ್ಗವನ್ನು 2021ರ ಜನವರಿಯಲ್ಲಿ ಏರ್ ಇಂಡಿಯಾ ಆರಂಭಿಸಿತು. 2022ರಲ್ಲಿ ಕೆಲಕಾಲ ನಿಂತು ಮತ್ತೆ ಶುರುವಾದ ಮಾರ್ಗ ಅದು. ಮೈಸೂರಿನ ಪಾಡು ಬೇರೆ: ಕಿಂಗ್‌ಫಿಷರ್ ಹೋದ ಮೇಲೆ ಮಂಡಕಳ್ಳಿಗೆ ಸ್ಪೈಸ್‌ಜೆಟ್ 2013ರಲ್ಲಿ ಬಂದು, ಹೆಚ್ಚು ಕಾಲ ನಿಲ್ಲದೆ ಹೋಯಿತು. 2015ರಲ್ಲಿ ಅಲಯನ್ಸ್ ಏರ್ ಅಲ್ಪಕಾಲ ಹಾರಿ ನಿಂತಿತು. 2017ರ ಸೆಪ್ಟೆಂಬರ್‌ನಲ್ಲಿ, ಸಣ್ಣ ಊರುಗಳ ಹಾರಾಟಕ್ಕೆ ಸಹಾಯಧನ ಕೊಡುವ ಕೇಂದ್ರದ ಉಡಾನ್ ಯೋಜನೆಯಡಿ ಟ್ರೂಜೆಟ್ ಚೆನ್ನೈಗೆ ಹಾರತೊಡಗಿತು, 2022ರಲ್ಲಿ ಆ ಸಂಸ್ಥೆಯೇ ಹಾರಾಟ ನಿಲ್ಲಿಸಿತು.

ಒಂದಾದ ಮೇಲೆ ಒಳಗಿನ ಹೊಂದಾಣಿಕೆ

1953ರ ಏರ್ ಕಾರ್ಪೊರೇಷನ್ಸ್ ಕಾಯ್ದೆ ದೇಶದೊಳಗೆ ಹಾರುತ್ತಿದ್ದ ಎಂಟು ಸಂಸ್ಥೆಗಳನ್ನು ಇಂಡಿಯನ್ ಏರ್‌ಲೈನ್ಸ್ ಎಂಬ ಒಂದೇ ನಿಗಮದಲ್ಲಿ ಸೇರಿಸಿತು. ವಿದೇಶಕ್ಕೆ ಹಾರುವ ಏರ್ ಇಂಡಿಯಾವನ್ನು ಪ್ರತ್ಯೇಕವಾಗಿ ಇಟ್ಟಿತು. 2007ರಲ್ಲಿ ಸರ್ಕಾರ ಇವೆರಡನ್ನೂ ಒಂದುಗೂಡಿಸಿತು. ಒಳನಾಡಿನ ಪ್ರಯಾಣಿಕ ನೇರವಾಗಿ ವಿದೇಶಿ ವಿಮಾನ ಏರುವಂತಾಗಬೇಕು ಎಂಬುದು ಉದ್ದೇಶ. ಕಾಗದದ ಮೇಲೆ ಒಳ್ಳೆಯ ಉದ್ದೇಶವೇ. ಆದರೆ ಇಂಡಿಯನ್ ಏರ್‌ಲೈನ್ಸ್‌ನ 'ಐಸಿ' ಸಂಕೇತ ಹೋಗಿ ಎಲ್ಲ ಹಾರಾಟಗಳೂ 'ಎಐ' ಆಗಲು 2011ರ ಫೆಬ್ರುವರಿ ಬರಬೇಕಾಯಿತು. ಎರಡು ಸಂಕೇತಗಳಿದ್ದಷ್ಟು ದಿನವೂ ಟಿಕೆಟ್ ವ್ಯವಸ್ಥೆ, ಲಗೇಜ್, ಕನೆಕ್ಷನ್ ಎಲ್ಲವೂ ಎರಡು ಸಂಸ್ಥೆಗಳ ನಡುವಿನ ವ್ಯವಹಾರದಂತೆಯೇ ನಡೆದವು. ಹೊಸ ವಿಮಾನಗಳಿಗೆ ಆರ್ಡರ್ ಕೊಡುವ ಮೊದಲೇ ವಿಲೀನ ಆಗಬೇಕಿತ್ತು, ಆದ ಸಮಯ ಸರಿಯಿರಲಿಲ್ಲ ಎಂಬ ಅಭಿಪ್ರಾಯ 2011ರ ಮಹಾಲೇಖಪಾಲರ ವರದಿಯಲ್ಲಿದೆ.

ಇನ್ನೂ ದೊಡ್ಡ ತೊಡಕು ಪೈಲಟ್‌ಗಳದ್ದು. ಎರಡು ಸಂಸ್ಥೆಗಳಲ್ಲಿ ಸಂಬಳದ ಲೆಕ್ಕ ಬೇರೆ, ಬಡ್ತಿಯ ವೇಗ ಬೇರೆ, ಜ್ಯೇಷ್ಠತೆಯ ಪಟ್ಟಿ ಬೇರೆ. 2011ರ ಏಪ್ರಿಲ್ ಕೊನೆಯಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ವೇತನ ಸಮಾನತೆಗಾಗಿ ಮುಷ್ಕರ ಹೂಡಿದರು. 2012ರ ಮೇ ತಿಂಗಳಲ್ಲಿ ಹಳೆಯ ಏರ್ ಇಂಡಿಯಾ ಪೈಲಟ್‌ಗಳ ಸರದಿ: ಹೊಸ ಬೋಯಿಂಗ್ 787ರ ತರಬೇತಿಯನ್ನು ಇಂಡಿಯನ್ ಏರ್‌ಲೈನ್ಸ್‌ನವರಿಗೂ ಕೊಡುವುದನ್ನು ಅವರು ಒಪ್ಪಲಿಲ್ಲ. ಮುಷ್ಕರ ಜುಲೈ ಮೊದಲ ವಾರದವರೆಗೆ ನಡೆಯಿತು. ವಿದೇಶಿ ಹಾರಾಟಗಳನ್ನು ಕಡಿದು ತಾತ್ಕಾಲಿಕ ವೇಳಾಪಟ್ಟಿಯಲ್ಲಿ ನಡೆಸಬೇಕಾಯಿತು. ವಿಲೀನವಾಗಿ ಐದು ವರ್ಷ ಕಳೆದ ಮೇಲೂ ವಿದೇಶಿ ಮಾರ್ಗಗಳು ನಿಂತದ್ದು ವಿಮಾನ ಇಲ್ಲದ್ದಕ್ಕಲ್ಲ, ಹಕ್ಕು ಇಲ್ಲದ್ದಕ್ಕೂ ಅಲ್ಲ, ಎರಡು ಜ್ಯೇಷ್ಠತಾ ಪಟ್ಟಿಗಳು ಒಂದಾಗದ್ದಕ್ಕೆ. ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿಯನ್ನು ನೇಮಿಸಿ ಈ ಗಂಟನ್ನು ಬಿಡಿಸಲು ಹೊರಟದ್ದೂ ವಿಲೀನವಾಗಿ ಹಲವು ವರ್ಷಗಳಾದ ಮೇಲೆ.

ಟಾಟಾ ಸಮೂಹದ ವಿಲೀನದಲ್ಲಿ ಇದೇ ಗಂಟು ಬೇರೆ ರೂಪದಲ್ಲಿ ಕಾಣಿಸಿತು. 2024ರ ಏಪ್ರಿಲ್‌ನಲ್ಲಿ ವಿಸ್ತಾರಾದ ಪೈಲಟ್‌ಗಳಿಗೆ ಏರ್ ಇಂಡಿಯಾದ ಮಾದರಿಯ ಹೊಸ ವೇತನ ಕ್ರಮ ಜಾರಿಗೆ ಬಂತು. ತಿಂಗಳಿಗೆ 70 ಗಂಟೆಯ ಹಾರಾಟಕ್ಕೆ ಖಾತರಿಯಿದ್ದ ಸಂಬಳ 40 ಗಂಟೆಗೆ ಇಳಿಯಿತು. ಪೈಲಟ್‌ಗಳ ಕೊರತೆಯಿಂದ ವಿಸ್ತಾರಾ ದಿನಕ್ಕೆ 25–30 ಹಾರಾಟಗಳನ್ನು, ಅಂದರೆ ತನ್ನ ಸಾಮರ್ಥ್ಯದ ಸುಮಾರು ಶೇ 10ರಷ್ಟನ್ನು ಕಡಿತ ಮಾಡಿತು. ಮರುತಿಂಗಳು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ಸಾಮೂಹಿಕವಾಗಿ ಅನಾರೋಗ್ಯದ ರಜೆ ಹಾಕಿದರು. ಆ ಸಂಸ್ಥೆ ಏರ್‌ಏಷ್ಯಾ ಇಂಡಿಯಾದೊಂದಿಗೆ ಒಂದಾಗುತ್ತಿದ್ದ ಕಾಲ ಅದು. ಹಲವು ಹತ್ತು ಹಾರಾಟಗಳು ರದ್ದಾದವು.

ಈ ಎರಡನೆಯ ಘಟನೆ ಕನ್ನಡನಾಡಿನ ಕರಾವಳಿಗೆ ನೇರವಾಗಿ ತಟ್ಟುವಂಥದು. ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ವಿದೇಶಿ ಸಂಸ್ಥೆಗಳಾವುವೂ ಹಾರುವುದಿಲ್ಲ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಿಂದ ದುಬೈ, ದಮ್ಮಾಮ್, ಮಸ್ಕತ್‌ಗಳಿಗೆ ದುಡಿಯಲು ಹೋಗುವವರು ನೆಚ್ಚಿರುವುದು ಬಹುಪಾಲು ಏರ್ ಇಂಡಿಯಾ ಎಕ್ಸ್‌ಪ್ರೆಸ್ಸನ್ನೇ. ಇಂಡಿಗೋ ಕೆಲವು ಮಾರ್ಗಗಳಲ್ಲಿ ಇದೆ. ಇಂಥ ಊರಿನಲ್ಲಿ ವಿಲೀನದ ಒಳಜಗಳ ಎಂದರೆ ವೀಸಾ ಅವಧಿ ಮುಗಿಯುವ ಮುನ್ನ ಕೆಲಸಕ್ಕೆ ಮರಳಬೇಕಾದವನ ಆತಂಕ. ಬೆಂಗಳೂರು, ಮುಂಬೈಗಳಲ್ಲಿ ಪರ್ಯಾಯ ವಿಮಾನ ಅದೇ ಸಂಜೆ ಸಿಗಬಹುದು. ಮಂಗಳೂರಿನಲ್ಲಿ ಸಿಗುವುದು ಕಷ್ಟ.

ಒಳಿತನ್ನೂ ಹೇಳಬೇಕು. ಬೆಂಗಳೂರನ್ನು ನೆಲೆಯಾಗಿಸಿಕೊಂಡಿದ್ದ ಏರ್‌ಏಷ್ಯಾ ಇಂಡಿಯಾ ಎಂದೂ ವಿದೇಶಕ್ಕೆ ನಿಯಮಿತವಾಗಿ ಹಾರಲಿಲ್ಲ. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬಹುತೇಕ ವಿದೇಶಕ್ಕೇ ಹಾರುತ್ತಿತ್ತು. 2024ರ ಅಕ್ಟೋಬರ್ 1ರಂದು ಎರಡೂ ಒಂದಾದ ಮೇಲೆ ಒಳನಾಡಿನ ಊರಿನಿಂದ ಬೆಂಗಳೂರಿನ ಮೂಲಕ ಕೊಲ್ಲಿಗೆ ಒಂದೇ ಟಿಕೆಟ್ಟಿನಲ್ಲಿ ಹೋಗುವುದು ಸುಲಭವಾಯಿತು. ಡೆಕ್ಕನ್–ಕಿಂಗ್‌ಫಿಷರ್ ಮಾಡಲು ಹೊರಟದ್ದನ್ನು ಇವರು ಹೆಚ್ಚು ಎಚ್ಚರದಿಂದ ಮಾಡಿದ್ದಾರೆ. ತೊಡಕೂ ಇದೆ: ಒಂದು ಸಂಸ್ಥೆಯಲ್ಲಿ ಬೋಯಿಂಗ್ 737, ಇನ್ನೊಂದರಲ್ಲಿ ಏರ್‌ಬಸ್ 320. ಒಂದರ ಪೈಲಟ್ ಮರುತರಬೇತಿಯಿಲ್ಲದೆ ಇನ್ನೊಂದನ್ನು ಹಾರಿಸುವಂತಿಲ್ಲ. ಆದ್ದರಿಂದ ಹೆಸರು ಒಂದಾದರೂ ಕೆಲಸದ ಪಾಳಿಗಳು ಎರಡಾಗಿಯೇ ನಡೆಯಬೇಕು. ಬೆಂಗಳೂರಿನಲ್ಲಿದ್ದ ಏರ್‌ಏಷ್ಯಾ ಇಂಡಿಯಾದ ಮುಖ್ಯ ಕಚೇರಿಯೂ ಕೊಚ್ಚಿಯಲ್ಲಿದ್ದ ಎಕ್ಸ್‌ಪ್ರೆಸ್‌ನ ಕಚೇರಿಯೂ ಗುರುಗ್ರಾಮಕ್ಕೆ ಹೋದವು ಎಂಬುದನ್ನು ದಕ್ಷಿಣದವರು ಗಮನಿಸಬೇಕು. ಮಾರ್ಗ ನಿರ್ಧರಿಸುವ ಮೇಜು ಈಗ ಬೆಂಗಳೂರಿನಲ್ಲಿಲ್ಲ.

ಪರಿಶೀಲಕರು ಏನನ್ನು ನೋಡುತ್ತಾರೆ

ಏರ್ ಇಂಡಿಯಾ–ವಿಸ್ತಾರಾ ವಿಲೀನಕ್ಕೆ ಭಾರತದ ಸ್ಪರ್ಧಾ ಆಯೋಗ 2023ರ ಸೆಪ್ಟೆಂಬರ್‌ನಲ್ಲಿ, ಸಂಸ್ಥೆಗಳು ತಾವಾಗಿ ಕೊಟ್ಟ ಬದ್ಧತೆಗಳಿಗೆ ಒಳಪಟ್ಟು ಒಪ್ಪಿಗೆ ನೀಡಿತು. ವಿಸ್ತಾರಾದಲ್ಲಿ ಸಿಂಗಪುರ ಏರ್‌ಲೈನ್ಸ್‌ಗೆ ಶೇ 49 ಪಾಲಿತ್ತು. ವಿಲೀನದ ನಂತರ ಏರ್ ಇಂಡಿಯಾದಲ್ಲಿ ಅದಕ್ಕೆ ಶೇ 25.1 ಬಂತು. ಹಾಗಾಗಿ ಸಿಂಗಪುರದ ಸ್ಪರ್ಧಾ ಆಯೋಗವೂ ಪರಿಶೀಲಿಸಿತು. ಅದು ಆತಂಕಪಟ್ಟದ್ದು ಸಿಂಗಪುರದಿಂದ ದೆಹಲಿ, ಮುಂಬೈ, ಚೆನ್ನೈ, ತಿರುಚಿರಾಪಳ್ಳಿ ಎಂಬ ನಾಲ್ಕು ಮಾರ್ಗಗಳ ಬಗ್ಗೆ; ಆಸನ ಸಾಮರ್ಥ್ಯ ಕುಗ್ಗಿಸಬಾರದೆಂಬ ಬದ್ಧತೆ ಪಡೆದು 2024ರ ಮಾರ್ಚ್‌ನಲ್ಲಿ ಒಪ್ಪಿತು. ತಿರುಚಿರಾಪಳ್ಳಿ ಆ ಪಟ್ಟಿಯಲ್ಲಿ ಬಂದದ್ದು ಅಲ್ಲಿಂದ ಸಿಂಗಪುರಕ್ಕೆ ನೇರ ಹಾರಾಟ ಇದ್ದುದರಿಂದ. ನೇರ ಹಾರಾಟವಿಲ್ಲದ ಊರು ಇಂಥ ಪಟ್ಟಿಗೆ ಸೇರುವುದೇ ಇಲ್ಲ.

ಹೊರಗೂ ಹೀಗೆಯೇ. ಕೊರಿಯನ್ ಏರ್ ಏಷಿಯಾನಾವನ್ನು ಕೊಳ್ಳಲು ಹೊರಟಾಗ ಐರೋಪ್ಯ ಆಯೋಗ ಸೋಲ್‌ನಿಂದ ಪ್ಯಾರಿಸ್, ರೋಮ್, ಬಾರ್ಸಿಲೋನಾ, ಫ್ರಾಂಕ್‌ಫರ್ಟ್ ಮಾರ್ಗಗಳಲ್ಲಿ ಟಿವೇ ಏರ್ ಎಂಬ ಇನ್ನೊಂದು ಸಂಸ್ಥೆಗೆ ದಾರಿ ಮಾಡಿಕೊಡಬೇಕೆಂದಿತು. 2024ರ ಡಿಸೆಂಬರ್‌ನಲ್ಲಿ ಖರೀದಿ ಮುಗಿಯಿತು. ನಾಲ್ಕೂ ರಾಜಧಾನಿ, ಮಹಾನಗರಗಳ ಮಾರ್ಗಗಳೇ. ಅಮೆರಿಕದ ಮೆಂಫಿಸ್‌ನ ಅನುಭವ ಮೈಸೂರಿಗೆ ಹೆಚ್ಚು ಹತ್ತಿರದ್ದು. ಮಧ್ಯಮ ಗಾತ್ರದ ಆ ನಗರ ನಾರ್ತ್‌ವೆಸ್ಟ್ ಸಂಸ್ಥೆಯ ಒಂದು ಕೇಂದ್ರವಾಗಿತ್ತು. ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್‌ಗೆ ನೇರ ವಿಮಾನವಿತ್ತು. 2008ರಲ್ಲಿ ಡೆಲ್ಟಾ ನಾರ್ತ್‌ವೆಸ್ಟನ್ನು ಕೊಂಡಿತು. ಸುತ್ತಲಿನ ಸಣ್ಣ ಊರುಗಳಿಂದ ಮೆಂಫಿಸ್‌ಗೆ ಬರುವ ಹಾರಾಟಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. 2012ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಂತಿತು, 2013ರಲ್ಲಿ ಕೇಂದ್ರವೇ ಮುಚ್ಚಿತು. ಅಲ್ಲೂ ಮೊದಲು ಕಡಿದದ್ದು ಕೊನೆಯ ಕೊಂಡಿಗಳೇ.

ಒಂದೇ ಪಿಎನ್‌ಆರ್

ಹೋಗಲಿ, ಬೆಂಗಳೂರಿಗೆ ಫ್ಲೈಬಸ್ ಇದೆಯಲ್ಲ ಎಂದು ಹಲವರು ಹೇಳುತ್ತಾರೆ. ಇದೆ, ಮತ್ತು ಚೆನ್ನಾಗಿಯೇ ಇದೆ. ಕೆಎಸ್‌ಆರ್‌ಟಿಸಿಯ ಆ ಬಸ್ಸು ಮೈಸೂರಿನಿಂದ ನೇರವಾಗಿ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ; 2023ರಲ್ಲಿ ದಶಪಥ ಉದ್ಘಾಟನೆಯಾದ ಮೇಲೆ ಬೆಂಗಳೂರಿನ ಹೊರವಲಯದವರೆಗಿನ ದಾರಿ ಚುರುಕಾಗಿದೆ. ಊರಿನ ಬಹುಪಾಲು ವಿದೇಶ ಪ್ರಯಾಣ ರಸ್ತೆಯಲ್ಲೇ ಶುರುವಾಗುತ್ತದೆ. ಆದರೆ ಬಸ್ಸು ತಡವಾಗಿ ವಿಮಾನ ತಪ್ಪಿದರೆ ಹೊಣೆ ಪ್ರಯಾಣಿಕನದೇ. ಬೇರೆ ಬೇರೆ ಟಿಕೆಟ್ ಕೊಂಡು ಎರಡು ಸಂಸ್ಥೆಗಳ ವಿಮಾನ ಏರಿದಾಗಲೂ ಸ್ಥಿತಿ ಅದೇ: ಮೊದಲನೆಯದು ತಡವಾಯಿತೆಂದು ಎರಡನೆಯ ಸಂಸ್ಥೆ ಕಾಯಬೇಕಿಲ್ಲ, ಹೊಸ ಟಿಕೆಟ್ ಕೊಡಬೇಕಿಲ್ಲ. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿದ್ದರೆ, ಮಾತು ಬೇರೆ. ಮುಂದಿನ ವಿಮಾನಕ್ಕೆ ಸೇರಿಸುವ ಹೊಣೆ ಸಂಸ್ಥೆಯದಾಗುತ್ತದೆ, ಬಹುತೇಕ ಕಡೆ ಲಗೇಜ್ ಕೂಡ ಕೊನೆಯ ಊರಿನವರೆಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೊರಟ ಎಪ್ಪತ್ತು ದಾಟಿದ ದಂಪತಿಗೆ, ಗಾಲಿಕುರ್ಚಿ ಬೇಕಾದವರಿಗೆ, ಮೊದಲ ಬಾರಿ ಓದಲು ಹೊರಟ ಹುಡುಗಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಮೈಸೂರಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬರುವ ವಿದೇಶೀಯರಿಗೂ ಅಷ್ಟೆ.

2022ರ ಬೇರ್ಪಡೆ ಮೈಸೂರಿನಿಂದ ಕಸಿದದ್ದು ಈ ಸೌಲಭ್ಯವನ್ನು ಕೊಡುವ ಸಹಜ ಒಡೆತನವನ್ನು. ಮನೆಯೊಳಗಿನ ಏರ್ಪಾಡಾಗಿದ್ದದ್ದು ಎರಡು ಕಂಪನಿಗಳು ಕೂತು ಒಪ್ಪಂದ ಮಾಡಿಕೊಳ್ಳಬೇಕಾದ ವಿಷಯವಾಯಿತು. ಅಲಯನ್ಸ್ ಏರ್ ಆರಂಭಿಸಿದ್ದ ಮೈಸೂರಿನ ಮಾರ್ಗಗಳಲ್ಲಿ ಹೆಚ್ಚಿನವು ಮುಂದಿನ ವರ್ಷಗಳಲ್ಲಿ ನಿಂತದ್ದಕ್ಕೆ ಬೇರ್ಪಡೆಯೊಂದೇ ಕಾರಣವೆನ್ನಲಾಗದು. ಉಡಾನ್ ಯೋಜನೆಯಲ್ಲಿ ನಷ್ಟ ತುಂಬಿಕೊಡುವ ಸಹಾಯಧನ ಮೂರು ವರ್ಷಕ್ಕೆ ಸೀಮಿತ. 2019ರಲ್ಲಿ ಶುರುವಾದ ಮಾರ್ಗಗಳಿಗೆ ಆ ಅವಧಿ ಮುಗಿಯುವುದೂ 2022ರ ಸುಮಾರಿಗೇ. ಎರಡು ಪೆಟ್ಟು ಒಂದೇ ಕಾಲಕ್ಕೆ ಬಿದ್ದವು. ಸಹಾಯಧನ ನಿಂತಾಗ ಒಂದು ಮಾರ್ಗ ಉಳಿಯುವುದು ಮುಂದಿನ ಊರುಗಳಿಗೆ ಹೋಗುವ ಪ್ರಯಾಣಿಕರಿಂದ. ಅಂಥವರನ್ನು ತಂದುಕೊಡಬಲ್ಲ ದೊಡ್ಡ ಸಂಸ್ಥೆ ಅದೇ ವರ್ಷ ಬೇರೆಯವರದಾಯಿತು.

ಈಚಿನ ವರ್ಷಗಳಲ್ಲಿ ಮೈಸೂರಿಗೆ ಆಸರೆಯಾಗಿರುವುದು ಇಂಡಿಗೋದ ಎಟಿಆರ್‌ಗಳು. ಹೈದರಾಬಾದ್, ಚೆನ್ನೈಗಳ ಮೂಲಕ ಅದರ ಸ್ವಂತ ವಿದೇಶಿ ಹಾರಾಟಗಳಿಗೂ, ಒಬ್ಬರ ಟಿಕೆಟ್ಟಿನಲ್ಲಿ ಇನ್ನೊಬ್ಬರ ವಿಮಾನ ಏರಲು ಬಿಡುವ ಕೋಡ್‌ಶೇರ್ ಒಪ್ಪಂದವನ್ನು ಅದು ಮಾಡಿಕೊಂಡಿರುವ ವಿದೇಶಿ ಸಂಸ್ಥೆಗಳಿಗೂ ಸೇರುವ ಸಾಧ್ಯತೆ ಇದೆ. ಆದರೆ ಒಂದೇ ಸಂಸ್ಥೆಯ ಮೇಲೆ ಊರೊಂದು ನಿಂತಾಗ ಏನಾಗುತ್ತದೆಂದು, ಕಿಂಗ್‌ಫಿಷರ್ ಮೈಸೂರು ಬಿಟ್ಟ 2011ರ ನವೆಂಬರ್ ತೋರಿಸಿದೆ.

ಮಾಡಬಹುದಾದ್ದು ಎರಡಿದೆ ಎಂದು ನನಗನಿಸುತ್ತದೆ. ಉಡಾನ್ ಮಾರ್ಗಗಳನ್ನು ಹಂಚುವಾಗ, ವಿದೇಶಕ್ಕೆ ಹಾರುವ ಕನಿಷ್ಠ ಎರಡು ಸಂಸ್ಥೆಗಳೊಂದಿಗೆ ಟಿಕೆಟ್ ಮತ್ತು ಲಗೇಜ್ ಒಪ್ಪಂದ ಇರಬೇಕೆಂಬ ಷರತ್ತನ್ನು ಕೇಂದ್ರ ಸರ್ಕಾರ ಸೇರಿಸಬಹುದು. ಆಗ ಆ ಸಂಸ್ಥೆಗಳ ಒಡೆತನ ಎಷ್ಟು ಬಾರಿ ಕೈ ಬದಲಾದರೂ ಕೊಂಡಿ ಉಳಿಯುತ್ತದೆ. ಸ್ಪರ್ಧಾ ಆಯೋಗ ಮುಂದೆ ಇನ್ನೊಂದು ವಿಮಾನ ಸಂಸ್ಥೆಯ ವಿಲೀನವನ್ನು ಪರಿಶೀಲಿಸುವಾಗ, ನೇರ ಮಾರ್ಗಗಳ ಜತೆಗೆ, ಆ ಸಂಸ್ಥೆಯ ವಿದೇಶಿ ಜಾಲಕ್ಕೆ ಒಂದೇ ಟಿಕೆಟ್ಟಿನಲ್ಲಿ ಸೇರಿರುವ ಸಣ್ಣ ನಿಲ್ದಾಣಗಳ ಪಟ್ಟಿಯನ್ನೂ ಕೇಳಿ ತರಿಸಿಕೊಳ್ಳಬೇಕು. ರನ್‌ವೇ ವಿಸ್ತರಣೆಗಾಗಿ ದೆಹಲಿಗೆ ಮನವಿ ಒಯ್ಯುವ ಮೈಸೂರಿನ ಜನಪ್ರತಿನಿಧಿಗಳೂ ವಾಣಿಜ್ಯ ಸಂಘಗಳೂ ಅದೇ ಮನವಿಯಲ್ಲಿ ಈ ಎರಡನ್ನೂ ಬರೆಯಲಿ. ವಿಸ್ತರಣೆಗೆ ಭೂಮಿ ಬೇಕು, ಹಣ ಬೇಕು, ವರ್ಷಗಳು ಬೇಕು. ಈ ಎರಡು ಬೇಡಿಕೆಗಳಿಗೆ ಬೇಕಾದ್ದು ಒಂದು ಆದೇಶ ಮಾತ್ರ.